ಮೂವತ್ತೇಳನೇ ಪ್ರಶ್ನೆಯ ಅನುಸೂಯ

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ. ಅನುಸೂಯ ಹೆಗಲಿಗೆ ಚೀಲ ಸಿಕ್ಕಿಸಿಕೊಂಡು ಓಡುನಡಿಗೆಯಲ್ಲಿ ಹೊರಟಿದ್ದಾರೆ. ಐದೂವರೆಗೆ ಹೂವಿನ ತೋಟದ ಗೂಡ್ಸ್ ಆಟೊ ಬರುತ್ತದೆ. ಊರಿನ ಅರ್ಧ ಹೆಂಗಸರು ಅದನ್ನು ಹತ್ತಿ ಹೂ ಬಿಡಿಸಲು ಹೋದರೆಂದರೆ ಮತ್ತೆ ಕೈಗೆ ಸಿಗುವುದು ಸಂಜೆಗೆ, ಅದೂ ಒಲೆಯ ಮುಂದೆ, ಅತ್ತೆಯ ಕಣ್ಣೆದುರು. ಅನುಸೂಯ ಕೇಳುವ ಪ್ರಶ್ನೆಗಳಲ್ಲಿ ಕೆಲವು ಅತ್ತೆಯ ಎದುರು ಕೇಳುವಂಥವಲ್ಲ. ಹಾಗಾಗಿ ಅವರ ಕಚೇರಿ ಅಂದರೆ ಆಟೊ ನಿಲ್ಲುವ ಈ ಬೇವಿನ ಮರದ ಬುಡ. ಕಚೇರಿಯ ವೇಳೆ ಹದಿನೈದು ನಿಮಿಷ.

ಒಬ್ಬಳ ಕೈಗೆ ಕಬ್ಬಿಣಾಂಶದ ಮಾತ್ರೆ, ಇನ್ನೊಬ್ಬಳಿಗೆ ಮಗುವಿನ ಚುಚ್ಚುಮದ್ದಿನ ತಾರೀಖು, ಮತ್ತೊಬ್ಬಳ ಕಿವಿಯಲ್ಲಿ ಒಂದು ಪಿಸುಮಾತು. ಆಟೊ ಹೊರಟ ಮೇಲೆ, ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ತಿರುಗುತ್ತಾರೆ. ಮುಖದಲ್ಲಿ ಅಸಾಧ್ಯ ಸಿಡಿಮಿಡಿ. ಎಂಟು ಗಂಟೆಗೆ ಅವರನ್ನು ಕರೆದೊಯ್ಯಲು ಕಾರು ಬರುತ್ತದೆ. ಚಿತ್ರದುರ್ಗದಲ್ಲಿ ಇವತ್ತು ಅವರಿಗೆ ಸನ್ಮಾನ.

"ಮಾಡ್ದೇ ಇರೋ ಕೆಲಸಕ್ಕೆ ಶಾಲು ಹೊದಿಸ್ತಾರಂತೆ ನೋಡ್ರಿ. ಮಾಡಿದ್ದನ್ನ ಒಬ್ರೂ ಕೇಳ್ಲಿಲ್ಲ," ಎನ್ನುತ್ತಾರೆ.

ಅನುಸೂಯ ಆಶಾ ಕಾರ್ಯಕರ್ತೆ. ಜವನಗೊಂಡನಹಳ್ಳಿ ಹೋಬಳಿಯ ಈ ಊರಿನ ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುತ್ತಿಲ್ಲ. ವಯಸ್ಸು ನಲವತ್ತೊಂದು, ಓದಿದ್ದು ಎಸ್ಸೆಸ್ಸೆಲ್ಸಿ, ಈ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ. ಇನ್ನೂರ ಮೂವತ್ತೊಂದು ಮನೆ, ದಿನಕ್ಕೆ ಐದಾರು ಕಿಲೋಮೀಟರ್ ನಡಿಗೆ. ಸೇರಿದ ವರ್ಷ ಊರಿನಲ್ಲಿ ಮೂವತ್ತನಾಲ್ಕು ಹೆರಿಗೆ, ಹೋದ ವರ್ಷ ಹನ್ನೊಂದು. ಶಾಲೆಯ ಒಂದನೇ ತರಗತಿಯಲ್ಲಿ ಈಗ ಮೂರು ಮಕ್ಕಳು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅವರು ಈವರೆಗೆ ಕರೆದೊಯ್ದದ್ದು ನೂರ ಅರವತ್ತು ಹೆಂಗಸರನ್ನು, ಒಬ್ಬ ಗಂಡಸನ್ನು. ಆ ಒಬ್ಬ ಅವರ ಗಂಡ ಪಾಲಯ್ಯ. ಆ ವಿಷಯಕ್ಕೆ ಅತ್ತೆ ಬೋರಕ್ಕ ಎರಡು ವರ್ಷ ಸೊಸೆಯ ಕೈಯ ನೀರು ಕುಡಿಯಲಿಲ್ಲವಂತೆ. ಈಗ ಕುಡಿಯುತ್ತಾರೆ, ಆದರೆ ನೆನಪು ಮಾಡುತ್ತಲೇ ಕುಡಿಯುತ್ತಾರೆ.

ಇಷ್ಟು ಅಚ್ಚುಕಟ್ಟಾಗಿ ಮಕ್ಕಳ ಲೆಕ್ಕ ಇಳಿಸಿಕೊಂಡ ಊರಿಗೆ ಹೋದ ವರ್ಷ ಜೂನ್‌ನಲ್ಲಿ ನಾಲ್ಕು ದೇಶಗಳ ಕಾಳಜಿ ಒಟ್ಟಿಗೇ ಬಂದು ಬಿತ್ತು. ಆ ನಾಲ್ಕು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡಿವೆ, ಅದರಲ್ಲಿ ನಮ್ಮದೂ ಒಂದು. ಜನಸಂಖ್ಯೆಯನ್ನೂ ಸುಸ್ಥಿರ ಅಭಿವೃದ್ಧಿಯನ್ನೂ ಒಂದೇ ನೊಗಕ್ಕೆ ಕಟ್ಟುವುದು ಯೋಜನೆಯ ಗುರಿ. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಚಿತ್ರದುರ್ಗದ ಹೋಟೆಲೊಂದರಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಶಾಗಳನ್ನೆಲ್ಲ ಕೂರಿಸಿ ಎರಡು ದಿನ ತರಬೇತಿ ಕೊಟ್ಟರು. ಬ್ಯಾನರಿನ ಫೋಟೊ ನೋಡಿದ ಬೋರಕ್ಕ, ಅದೇನೆಂದು ಸೊಸೆಯನ್ನು ಕೇಳಿದರಂತೆ. ಸುಸ್ಥಿರ ಅಭಿವೃದ್ಧಿ ಎಂದು ಸೊಸೆ ಓದಿ ಹೇಳಿದರೆ, "ಸುಸ್ತು ಅಭಿವೃದ್ಧಿನಾ? ಅದು ನಮ್ಮನ್ಯಾಗೆ ಯಾವಾಗ್ಲೋ ಆಗೈತೆ ಬಿಡು" ಎಂದರಂತೆ.

ತರಬೇತಿಯಲ್ಲಿ ಟ್ಯಾಬ್ ಕೊಟ್ಟರು. ಅದರೊಳಗೆ ಐವತ್ತೆರಡು ಪ್ರಶ್ನೆ. ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೇ ಓದಬೇಕು, ಒಂದು ಪದ ಸೇರಿಸಕೂಡದು, ಒಂದು ಪದ ಬಿಡಕೂಡದು, ಅರ್ಥ ಬಿಡಿಸಿ ಹೇಳಲಂತೂ ಕೂಡದು ಎಂದು ಹತ್ತು ಸಲ ಹೇಳಿದರು. ಎಲ್ಲ ದೇಶಗಳಲ್ಲೂ ಒಂದೇ ಪ್ರಶ್ನೆ ಕೇಳಿದರೆ ತಾನೇ ಹೋಲಿಸಲು ಬರುವುದು. ಮೂವತ್ತೇಳನೆಯ ಪ್ರಶ್ನೆ ಹೀಗಿತ್ತು: 'ನಿಮಗೆ ಈಡೇರದ ಅಗತ್ಯ ಇದೆಯೇ? ಹೌದು. ಇಲ್ಲ.'

ತಜ್ಞರ ಭಾಷೆಯಲ್ಲಿ ಇದಕ್ಕೆ ಖಚಿತವಾದ ಅರ್ಥವಿದೆ. ಸದ್ಯಕ್ಕೆ ಮಗು ಬೇಡ ಎನ್ನುವ, ಆದರೆ ಅದನ್ನು ತಡೆಯುವ ಉಪಾಯ ಕೈಗೆ ಸಿಗದ ಹೆಣ್ಣಿನ ಪರಿಸ್ಥಿತಿ ಅದು. ಇಂಗ್ಲಿಷಿನಲ್ಲಿ ಎರಡೇ ಪದ, 'ಅನ್‌ಮೆಟ್ ನೀಡ್'. ಯಾರೋ ಪುಣ್ಯಾತ್ಮರು ಎಲ್ಲೋ ಕುಳಿತು ಪದಕ್ಕೆ ಪದ ಇಟ್ಟು ಅದನ್ನು ಕನ್ನಡ ಮಾಡಿದ್ದಾರೆ. ಹಾಗೆ ಮಾಡಿದವರು ಅದನ್ನು ಒಬ್ಬಳೇ ಒಬ್ಬ ಹೆಂಗಸಿಗೆ ಓದಿ ಹೇಳಿ ನೋಡಿದ್ದರೆ ಈ ಲೇಖನ ಬರೆಯುವ ಕಷ್ಟ ನನಗೆ ತಪ್ಪುತ್ತಿತ್ತು.

ಅನುಸೂಯ ಹೇಳಿದ ಹಾಗೇ ಓದಿದರು. ನೂರ ಎಂಬತ್ತನಾಲ್ಕು ಹೆಂಗಸರಲ್ಲಿ ನೂರ ಎಪ್ಪತ್ತೊಂಬತ್ತು ಮಂದಿ ಹೌದು ಎಂದರು. ಎನ್ನದೆ ಇರುತ್ತಾರೆಯೇ? ನಲ್ಲಿಯಲ್ಲಿ ವಾರಕ್ಕೆರಡು ದಿನ ನೀರು, ಸಂಜೆ ಬಸ್ಸಿಲ್ಲ, ಶೌಚಾಲಯದ ಗುಂಡಿ ಅರ್ಧಕ್ಕೆ ನಿಂತಿದೆ. ಈಡೇರದ ಅಗತ್ಯ ಇದೆಯೇ ಎಂದು ಕೇಳಿದರೆ ನಾನೂ ನೀವೂ ಹೌದು ಎನ್ನುವವರೇ. ಇಲ್ಲ ಎಂದ ಐವರಲ್ಲಿ ಮೂವರಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಇಬ್ಬರಿಗೆ ಆಟೊ ತಪ್ಪುತ್ತಿತ್ತು.

ಈ ಅಂಕಿ ಎಲ್ಲೆಲ್ಲಿ ತಿರುಗಿತೋ, ನವೆಂಬರಿನಲ್ಲಿ ಊರಿಗೆ ಹನ್ನೊಂದು ದೊಡ್ಡ ಬಾಕ್ಸ್ ಬಂದವು. ತುಂಬಾ ಗರ್ಭನಿರೋಧಕ ಮಾತ್ರೆ, ನಿರೋಧ್. ಇಡಲು ಜಾಗ ಇಲ್ಲದೆ ಅನುಸೂಯರ ಮನೆಯ ರಾಗಿ ಚೀಲದ ಪಕ್ಕದಲ್ಲಿ ಪೇರಿಸಿದರು. ಬೋರಕ್ಕ ಈಗ ಅವುಗಳ ಮೇಲೆ ಕುಳಿತು ಎಲೆಅಡಿಕೆ ಹಾಕುತ್ತಾರೆ. ಹಿಂದೆಯೇ ವಿದೇಶಿ ನಿಯೋಗವೂ ಬಂತು. ಬೆಳಿಗ್ಗೆ ಚಂದ್ರವಳ್ಳಿ ನೋಡಿ, ಮಧ್ಯಾಹ್ನ ಇಲ್ಲಿ ನಲವತ್ತು ನಿಮಿಷ ಇದ್ದು, ಜೋಗಿಮಟ್ಟಿಯಲ್ಲಿ ಸೂರ್ಯಾಸ್ತಕ್ಕೆ ಹೊರಟಿತು. ಆ ನಲವತ್ತು ನಿಮಿಷದಲ್ಲೇ ಗುಟ್ಟು ಹೊರಬಿದ್ದದ್ದು. ನಿಯೋಗದ ಹೆಣ್ಣುಮಗಳೊಬ್ಬಳು ಮೊದಲ ಸಾಲಿನಲ್ಲಿದ್ದ ಕಮಲಮ್ಮನನ್ನು, ನಿಮ್ಮ ಈಡೇರದ ಅಗತ್ಯದ ಬಗ್ಗೆ ಸಂಕೋಚವಿಲ್ಲದೆ ಹೇಳಿ ಎಂದು ದುಭಾಷಿಯ ಮೂಲಕ ಕೇಳಿದಳು.

"ನಲ್ಲಿಯಾಗೆ ದಿನಾ ನೀರು ಬಿಡ್ಸವ್ವ," ಎಂದರು ಕಮಲಮ್ಮ. ಅವರಿಗೆ ಆಪರೇಷನ್ ಆಗಿ ಹತ್ತೊಂಬತ್ತು ವರ್ಷ. ಮೊಮ್ಮಗ ಅಂಗನವಾಡಿಗೆ ಹೋಗುತ್ತಾನೆ. ದುಭಾಷಿ ಒಂದು ಕ್ಷಣ ತಡೆದು ಇಂಗ್ಲಿಷಿನಲ್ಲಿ ಏನೋ ಹೇಳಿದ. ಏನು ಹೇಳಿದನೋ, ಎಲ್ಲರೂ ಚಪ್ಪಾಳೆ ತಟ್ಟಿದರು.

ಅನುಸೂಯ ಮಾತ್ರ ತಟ್ಟಲಿಲ್ಲ. ಅವರು ಬೇರೊಂದು ಲೆಕ್ಕ ಹಾಕುತ್ತಿದ್ದರು. ನೂರ ಎಪ್ಪತ್ತೊಂಬತ್ತು ಮಂದಿ ಹೇಳಿದ್ದು ನೀರಿಗೆ, ಬಸ್ಸಿಗೆ ಆದರೆ, ಅವರ ನಡುವೆ ನಿಜವಾಗಿ ಆ ಪ್ರಶ್ನೆಗೇ ಹೌದು ಎಂದವರು ಯಾರಾದರೂ ಇದ್ದರೆ? ಅವರನ್ನು ಹುಡುಕುವುದು ಹೇಗೆ? ಯೋಜನೆಯ ತಾಲ್ಲೂಕು ಸಂಯೋಜಕ ದುರ್ಗೇಶ್ ಅವರಿಗೆ ಅವತ್ತೇ ಹೇಳಿದರು. ದುರ್ಗೇಶ್ ಕೆಟ್ಟವರೇನಲ್ಲ, ಕೈ ಕಟ್ಟಿಹಾಕಿಸಿಕೊಂಡವರು. ಟ್ಯಾಬಿನಲ್ಲಿ ಪದ ಬದಲಾಯಿಸುವ ಅವಕಾಶ ತಮಗಿಲ್ಲ, ಅದು ಬೇರೆ ದೇಶದಲ್ಲಿ ಆಗಬೇಕು, ಪತ್ರ ಬರೆಯುತ್ತೇನೆ ಎಂದರು. ಬರೆದರು. ಸಲಹೆಗಾಗಿ ಧನ್ಯವಾದ ಎಂದು ಉತ್ತರ ಬಂತು. ಫೆಬ್ರವರಿಯಲ್ಲಿ ಎರಡನೇ ಸುತ್ತಿನ ಸಮೀಕ್ಷೆಗೆ ಟ್ಯಾಬ್ ಬಂತು. ಮೂವತ್ತೇಳನೇ ಪ್ರಶ್ನೆ ಅಲ್ಲೇ, ಹಾಗೇ ಕುಳಿತಿತ್ತು.

ಅನುಸೂಯ ಈ ಸಲ ನಿಯಮ ಮುರಿದರು. ಪರದೆಯನ್ನು ಓದಿದ ಶಾಸ್ತ್ರ ಮುಗಿಸಿ, ಅದನ್ನೇ ತಮ್ಮ ಮಾತಿನಲ್ಲಿ ಕೇಳಿದರು. ಬೇವಿನ ಮರದ ಬುಡದಲ್ಲಿ, ಬಟ್ಟೆ ಒಗೆಯುವಲ್ಲಿ, ಹೊಲದ ಬದುವಿನಲ್ಲಿ, ಒಬ್ಬೊಬ್ಬರನ್ನೇ. ಇಪ್ಪತ್ತೆರಡು ದಿನ ಹಿಡಿಯಿತು. ಹೌದು ಎಂದವರು ಒಂಬತ್ತು ಮಂದಿ. ಟ್ಯಾಬಿನಲ್ಲೂ ಆ ಉತ್ತರವನ್ನೇ ಒತ್ತಿದರು.

ಅವರಲ್ಲಿ ಒಬ್ಬಳು ಗಂಗಾ. ತನ್ನ ಹೆಸರು ಬರೆಯಲು ಅವಳೇ ಒಪ್ಪಿದ್ದಾಳೆ. ವಯಸ್ಸು ಇಪ್ಪತ್ತೆರಡು. ಮೂರು ವರ್ಷದ್ದೊಂದು, ಒಂದೂವರೆ ವರ್ಷದ್ದೊಂದು ಮಗು. ಗಂಡ ಲಾರಿ ಡ್ರೈವರ್, ಹದಿನೈದು ದಿನಕ್ಕೊಮ್ಮೆ ಮನೆ. ಹೋದ ಜೂನ್‌ನಲ್ಲಿ ಅತ್ತೆ ರಂಗಕ್ಕ ಪಕ್ಕದಲ್ಲೇ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಾಗ ಅನುಸೂಯ ಅವಳಿಗೆ ಆ ಪ್ರಶ್ನೆ ಓದಿದ್ದರು. ಫೆಬ್ರವರಿಯಲ್ಲಿ ಮತ್ತೆ ಕೇಳಲು ಹೋದಾಗ ಗಂಗಾಳಿಗೆ ಏಳು ತಿಂಗಳು ತುಂಬಿತ್ತು. ಆ ಬಾಕ್ಸ್‌ಗಳು ಊರಿಗೆ ಬರುವ ಹೊತ್ತಿಗೇ ನಾಲ್ಕಾಗಿತ್ತು.

"ನಾನು ಬಿಡಿಸಿ ಕೇಳ್ದೆ. ಅವಳು ನನ್ ಮಖ ನೋಡಿದ್ಲು. 'ಹೋದ್ ಸಲಾನೂ ಇದಕ್ಕೇ ಹೌದು ಅಂದಿದ್ದೆ ಅಕ್ಕ. ಟಿಕ್ ಹಾಕ್ಕಂಡು ಹೋಗ್ಬಿಟ್ಟೆ ನೀನು' ಅಂದ್ಲು." ಇಷ್ಟು ಹೇಳಿ ಅನುಸೂಯ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾರೆ. ಸ್ವಲ್ಪ ದೂರ ನಡೆದ ಮೇಲೆ ಮತ್ತೆ, "ಊರಾಗೆ ಒಬ್ಳಿಗಾದ್ರೂ ಆ ಪ್ರಶ್ನೆ ಅರ್ಥ ಆಗಿತ್ತಲ್ರಿ. ನಂಗೇ ಉತ್ತರ ಕೇಳಿಸ್ಲಿಲ್ಲ. ಎಲ್ರೂ ನೀರು ನೀರು ಅಂತಿದ್ರು, ಇವಳೂ ನೀರಿಗೇ ಅಂತಾಳೆ ಅನ್ಕಂಡೆ."

ನಾವು ಗಂಗಾಳ ಮನೆ ಮುಟ್ಟುತ್ತೇವೆ. ಅವಳಿಗೆ ಈಗ ಎಂಟು ಮುಗಿದು ಒಂಬತ್ತಕ್ಕೆ ಬಿದ್ದಿದೆ. ಹಿಮೋಗ್ಲೋಬಿನ್ ಏಳೂವರೆ ಇದ್ದದ್ದು, ಅನುಸೂಯ ದಿನಾ ಬೆಳಿಗ್ಗೆ ಎದುರು ನಿಂತು ಮಾತ್ರೆ ನುಂಗಿಸಿ ಒಂಬತ್ತಕ್ಕೆ ಏರಿಸಿದ್ದಾರೆ. ಇವತ್ತು ಹಿರಿಯೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್. ಸನ್ಮಾನವೂ ಇವತ್ತೇ.

ಸನ್ಮಾನ ಯಾಕೆಂದು ಕೇಳಿದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ನೀವೇ ನಿರ್ಧರಿಸಿ. ಹೋದ ವರ್ಷ ನೂರ ಎಪ್ಪತ್ತೊಂಬತ್ತು, ಈ ವರ್ಷ ಒಂಬತ್ತು. ಈಡೇರದ ಅಗತ್ಯ ಒಂದೇ ವರ್ಷದಲ್ಲಿ ಶೇಕಡ ತೊಂಬತ್ತೈದು ಇಳಿದಿದೆ! ನಾಲ್ಕೂ ದೇಶಗಳಲ್ಲಿ ಇಂಥ ಸಾಧನೆ ಇನ್ನೊಂದಿಲ್ಲವಂತೆ. ಏನೂ ಇಳಿದಿಲ್ಲ, ಮೊದಲನೆಯದು ತಪ್ಪು, ಎರಡನೆಯದು ಸರಿ ಎಂದು ಅನುಸೂಯ ಮೂರು ಸಲ ಫೋನ್ ಮಾಡಿ ಹೇಳಿದ್ದಾರೆ. ಇರಲಿ ಬಿಡಿ ಮೇಡಂ, ವರದಿ ಮೇಲೆ ಹೋಗಿಯಾಗಿದೆ ಎಂಬ ಉತ್ತರ ಬಂದಿದೆ. ಸಾಧಿಸಿದ ಊರಿಗೆ ಮತ್ತೆ ನೆರವೇಕೆ? ಪಟ್ಟಿಯಿಂದ ಈ ಊರಿನ ಹೆಸರು ಹೋಗಿದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಚುಚ್ಚುಮದ್ದಿನ ಶಿಬಿರ ಇಲ್ಲಿಗೆ ಬರಬೇಕಿತ್ತು, ಅದು ಹೊಸದುರ್ಗದ ಕಡೆಗೆ ಹೋಗಿದೆ. ಆ ಒಂಬತ್ತು ಮಂದಿಗೆ ಬೇಕಿದ್ದದ್ದು ಅದೊಂದೇ. ಮಾತ್ರೆಯಾದರೆ ಮನೆಯಲ್ಲಿ ಬಚ್ಚಿಡಬೇಕು, ಚುಚ್ಚುಮದ್ದಿಗೆ ಆ ಕಷ್ಟವಿಲ್ಲ.

ಹನ್ನೊಂದು ಬಾಕ್ಸ್ ಬೇಡದಿದ್ದಾಗ ಬಂದವು, ಒಂದು ಶಿಬಿರ ಬೇಕಾದಾಗ ಹೋಯಿತು. ನಾಲ್ಕು ದೇಶಗಳ ಸಹಕಾರ ಅಂದರೆ ಇದು. ನನಗೆ ಕೋಪ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅನುಸೂಯರಿಗೆ ಕೋಪ ಮಾಡಿಕೊಂಡು ಕೂರಲು ಪುರಸೊತ್ತಿಲ್ಲ. ಗಂಗಾಳನ್ನು ಬಿಟ್ಟು ಉಳಿದ ಎಂಟು ಮಂದಿಯಲ್ಲಿ ಐವರಿಗೆ ಈಗಾಗಲೇ ವ್ಯವಸ್ಥೆ ಮಾಡಿದ್ದಾರೆ. ಹೇಗೆ ಎಂಬುದನ್ನು ಬರೆಯಕೂಡದೆಂದು ನನಗೆ ಷರತ್ತು ಹಾಕಿದ್ದಾರೆ. ಪತ್ರಿಕೆಯನ್ನು ಅತ್ತೆಯರೂ ಓದುತ್ತಾರಲ್ಲ.

ಎಂಟಕ್ಕೆ ಸರಿಯಾಗಿ ಕಾರು ಬರುತ್ತದೆ. ಬಿಳಿ ಬಣ್ಣದ್ದು, ಎಸಿ, ಹಿಂದಿನ ಗಾಜಿಗೆ ಯೋಜನೆಯ ಲಾಂಛನ. ಅನುಸೂಯ ನೀಲಿ ಸೀರೆಯಲ್ಲಿ ಬರುತ್ತಾರೆ, ಗಂಗಾಳ ಕೈ ಹಿಡಿದುಕೊಂಡು. ಡ್ರೈವರ್ ಅನುಮಾನದಿಂದ ನೋಡುತ್ತಾನೆ.

"ಚಿತ್ರದುರ್ಗಕ್ಕೆ ಹಿರಿಯೂರಿನ ಮೇಲೇ ಹೋಗ್ಬೇಕಲ್ಲಪ್ಪ. ಹೋಗಾಣ ನಡಿ," ಎನ್ನುತ್ತಾರೆ. ಗಂಗಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ತಾವು ನನ್ನ ಜೊತೆ ಹಿಂದೆ ಕೂರುತ್ತಾರೆ. ರಂಗಕ್ಕ ಬಾಗಿಲಲ್ಲಿ ನಿಂತು ಸೊಸೆ ಎಸಿ ಕಾರಿನಲ್ಲಿ ಹೋಗುವುದನ್ನು ಕಣ್ಣು ಅರಳಿಸಿ ನೋಡುತ್ತಾರೆ. ಹಿರಿಯೂರಿನ ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಮೂವರೂ ಇಳಿಯುತ್ತೇವೆ. ಅನುಸೂಯ ಮತ್ತೆ ಹತ್ತುವುದಿಲ್ಲ. ನೀನು ಹೋಗಪ್ಪ, ನನಗೆ ಇಲ್ಲಿ ಕೆಲಸ ಐತೆ ಎಂದು ಬಾಗಿಲು ಹಾಕಿಬಿಡುತ್ತಾರೆ. ನನಗೆ ತಿಳಿದ ಮಟ್ಟಿಗೆ ಆ ಯೋಜನೆಯಿಂದ ಆ ಊರಿನ ಹೆಣ್ಣೊಬ್ಬಳಿಗೆ ಆದ ಮೊದಲ ಉಪಕಾರ ಇದು.

ಹನ್ನೊಂದು ಗಂಟೆಗೆ ದುರ್ಗೇಶ್ ಅವರ ಫೋನ್. ವೇದಿಕೆ ಸಿದ್ಧವಿದೆ, ವಿದೇಶಿ ಅತಿಥಿಗಳು ಕಾಯುತ್ತಿದ್ದಾರೆ. ಅನುಸೂಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ಗಂಗಾಳ ಚೀಟಿ ಹಿಡಿದು ನಿಂತಿದ್ದಾರೆ, ಮುಂದೆ ಇನ್ನೂ ಆರು ಜನ. ಶಾಲನ್ನು ಅಲ್ಲೇ ಯಾರಿಗಾದರೂ ಹೊದಿಸಿ ಎಂದು ಹೇಳಿ ಫೋನ್ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮಗು ಚೆನ್ನಾಗಿದೆ, ತಲೆ ಕೆಳಗೆ ತಿರುಗಿದೆ ಎಂದು ಡಾಕ್ಟರ್ ಹೇಳಿದ ಮೇಲಷ್ಟೇ ಬೆಳಿಗ್ಗೆಯಿಂದ ಗಂಟಿಕ್ಕಿದ್ದ ಅವರ ಹುಬ್ಬು ಸಡಿಲವಾಗುತ್ತದೆ.

ಫೋಟೊ ತೆಗೆಯಲೇ ಎಂದು ಕೇಳುತ್ತೇನೆ. ತಲೆ ಅಡ್ಡ ಆಡಿಸುತ್ತಾರೆ.

"ನನ್ ಫೋಟೊ ಬ್ಯಾಡ್ರಿ. ಆ ಜಾಗದಾಗೆ ಮೂವತ್ತೇಳನೇ ಪ್ರಶ್ನೆ ಹಾಕ್ರಿ, ನಾನು ಕೇಳ್ದಂಗೆ. ಯಾರಾರ ಓದಿ ಆ ಟ್ಯಾಬ್‌ಗೆ ಸೇರಿಸ್ಲಿ. ನಮ್ ಊರಿಗಾಗಿದ್ದು ಆತು, ಹೊಳಲ್ಕೆರೆ ಕಡೆ ಇನ್ನೂ ಕೇಳೋದೈತೆ."

ನನ್ನ ನೋಟ್‌ಬುಕ್ಕಿನಲ್ಲಿ ಸರಿಯಾಗಿ ಬಂದಿದೆಯೇ ಎಂದು ಎರಡು ಸಲ ಓದಿಸಿ ನೋಡಿದರು. ಅವರು ಹೇಳಿದಂತೆಯೇ, ಒಂದು ಪದ ಸೇರಿಸದೆ, ಒಂದು ಪದ ಬಿಡದೆ ಇಲ್ಲಿ ಕೊಡುತ್ತಿದ್ದೇನೆ:

"ಸದ್ಯಕ್ಕೆ ಇನ್ನೊಂದು ಕೂಸು ಬ್ಯಾಡ ಅನ್ನಿಸ್ತೈತಾ ನಿಂಗೆ? ಅದಕ್ಕೇನಾರ ದಾರಿ ಬೇಕಿತ್ತಾ, ಯಾರೂ ತೋರಿಸಿಲ್ವಾ? ನಿಧಾನಕ್ಕೆ ಹೇಳವ್ವ, ನಾನು ಕೇಳಿಸ್ಕಂಡೇ ಹೋಗ್ತೀನಿ."