ಪ್ಯಾರಿಸ್‌ನ ಬೆಂಚಿನ ಮೇಲೆ ಅಮ್ಮ

ಪ್ಯಾರಿಸ್ ನೋಡಲು ನಾವು ಮೊದಲು ಹೂಸ್ಟನ್‌ಗೆ ಹೋಗಬೇಕಾಯಿತು. ಫ್ರಾನ್ಸಿನ ವೀಸಾ ಕಚೇರಿ ಇದ್ದದ್ದು ಅಲ್ಲಿ, ಟೆಕ್ಸಸ್‌ನಲ್ಲೇ ಇರುವ ನಮ್ಮೂರು ಫ್ರಿಸ್ಕೋದಿಂದ ನಾಲ್ಕೂವರೆ ಗಂಟೆಯ ಡ್ರೈವ್. ಆರು ತಿಂಗಳು ನಮ್ಮ ಜೊತೆಗಿದ್ದ ಅಮ್ಮನನ್ನು ಬೆಂಗಳೂರಿಗೆ ಬಿಟ್ಟು ಬರಲು ನಾನೂ ನನ್ನ ಗಂಡನೂ ಹೊರಟಿದ್ದೆವು. ಹೇಗೂ ಪ್ಯಾರಿಸ್‌ನಲ್ಲಿ ವಿಮಾನ ಬದಲಿಸಬೇಕು, ಮೂರು ದಿನ ಇಳಿದು ಊರು ನೋಡೋಣ ಎಂದವಳು ನಾನು. ಮುಂದೆ ಆದದ್ದಕ್ಕೆಲ್ಲ ನಾನೇ ಕಾರಣ ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಆಗ ಫೋನು ದಾರಿ ಹೇಳುತ್ತಿರಲಿಲ್ಲ. ಟೆಕ್ಸಸ್‌ನಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟರೂ ಇಂಟರ್‌ನೆಟ್‌ನಿಂದ ದಾರಿಯ ಪ್ರಿಂಟೌಟ್ ತೆಗೆದುಕೊಳ್ಳುವುದು ನಮ್ಮೆಲ್ಲರ ರೂಢಿ. ಗಂಡ ಡ್ರೈವ್ ಮಾಡಬೇಕು, ಹೆಂಡತಿ ಪಕ್ಕದಲ್ಲಿ ಕೂತು ಹಾಳೆ ಓದಬೇಕು. ದಾರಿ ತಪ್ಪಿದರೆ ಇಬ್ಬರೂ ಜಗಳವಾಡಬೇಕು. ಆ ವಿದ್ಯೆಯಲ್ಲಿ ನಾನು ಪಳಗಿದವಳು. ಪ್ಯಾರಿಸ್‌ಗೂ ಒಂದು ಫೈಲು ತುಂಬಾ ಹಾಳೆ ತೆಗೆದಿಟ್ಟೆ.

ಮೊದಲ ದಿನ ಹೋಟೆಲ್‌ನಿಂದ ಟ್ಯಾಕ್ಸಿಯಲ್ಲಿ ಮ್ಯೂಸಿಯಂಗೆ ಹೋದೆವು. ವಾಪಸ್ ಬರುವಾಗ ನಡೆದೇ ಹೋಗೋಣ ಎಂದೆ. ಹಾಳೆಯ ಪ್ರಕಾರ ಒಂದೂವರೆ ಮೈಲಿ. ಫ್ರಿಸ್ಕೋದಲ್ಲಿ ಅದು ಹಾಲು ತರುವ ದೂರ. ಕಾರಿನಲ್ಲಿ, ಅಂತ ಸೇರಿಸಿಕೊಳ್ಳಲು ಮರೆತಿದ್ದೆ.

ನಾನು ಓದುತ್ತಾ ಹೋದೆ, ಗಂಡ ತಿರುಗುತ್ತಾ ಹೋದ, ಅಮ್ಮ ಹಿಂದೆ ಬಂದಳು. ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ. ಅಮ್ಮ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಯಾರದೋ ಬಾಲ್ಕನಿಯ ಹೂವು, ಯಾವುದೋ ನಾಯಿಯ ಸ್ವೆಟರ್. ತಿರುವುಗಳ ಎಣಿಕೆ ತಪ್ಪುತ್ತದೆಂದು ನಾನು "ಸ್ವಲ್ಪ ಸುಮ್ನಿರಮ್ಮ" ಎಂದು ಗದರಿದೆ. ಸುಮ್ಮನಾದಳು. ಮತ್ತೆ ಅವಳು ಬಾಯಿ ತೆರೆದದ್ದು ಒಂದು ಬೆಂಚಿನ ಮುಂದೆ.

"ಈ ಬ್ರೆಡ್ ಅಂಗಡಿ ಮೂರನೇ ಸಲ ಬರ್ತಿದೆ ಕಣೆ. ನನ್ನ ಮಂಡಿ ಕೈಲಾಗಲ್ಲ ಅಂತಿದೆ."

ಗಂಡ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ನೋಡಿದ. "ಇದು ಕಾರಿನ ದಾರಿ ಮಾರಾಯ್ತಿ! ಒನ್ ವೇ ತಪ್ಪಿಸೋಕೆ ಸುತ್ತು ಹಾಕ್ಸಿದಾರೆ. ನಾವು ಕಾಲಲ್ಲಿ ಒನ್ ವೇ ಪಾಲಿಸ್ತಾ ಬಂದಿದೀವಿ."

ನಗು ಬರಬೇಕಿತ್ತು, ನನಗೆ ಸಿಟ್ಟು ಬಂತು. ಅಮ್ಮನನ್ನು ಆ ಬೆಂಚಿನ ಮೇಲೆ ಕೂರಿಸಿದೆ. "ಹತ್ತು ನಿಮಿಷ, ಹೋಟೆಲ್ ಎಲ್ಲಿದೆ ಅಂತ ನೋಡ್ಕೊಂಡು ಬರ್ತೀವಿ. ಇಲ್ಲಿಂದ ಏಳಬೇಡ" ಎಂದು ಹೇಳಿ ಇಬ್ಬರೂ ಹೊರಟೆವು. ಒಬ್ಬರು ಅವಳ ಜೊತೆ ಉಳಿಯಬಹುದಿತ್ತು. ಆದರೆ ಜಗಳ ಅರ್ಧಕ್ಕೆ ನಿಂತಿತ್ತಲ್ಲ, ಅದನ್ನು ಮುಗಿಸಲು ಇಬ್ಬರೂ ಬೇಕಿತ್ತು.

ಹೋಟೆಲ್ ಸಿಕ್ಕಿತು. ಒಬ್ಬ ಮುದುಕ ತೋರಿಸಿದ ಸಂದಿಯಲ್ಲಿ ನುಗ್ಗಿ ಹೋದದ್ದರಿಂದ ಬೇಗನೇ ಸಿಕ್ಕಿತು. ಆದರೆ ತಿರುಗಿ ಹೊರಟಾಗ ಆ ಸಂದಿ ಯಾವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಹಾಳೆ ತೆಗೆದೆ. ಅದರ ಯಾವ ಸಾಲಿನಲ್ಲಿ ಅಮ್ಮನನ್ನು ಬಿಟ್ಟಿದ್ದೇವೆಂದು ಗೊತ್ತಿರಲಿಲ್ಲ. ಕೆಂಪು ಚಪ್ಪರದ ಬ್ರೆಡ್ ಅಂಗಡಿ ಎಂದು ಹುಡುಕಿದರೆ ಬೀದಿಗೊಂದು ಕೆಂಪು ಚಪ್ಪರದ ಬ್ರೆಡ್ ಅಂಗಡಿ. ಬೆಂಚು ಕಂಡಲ್ಲೆಲ್ಲ ಓಡಿದೆ, ಯಾವುದರ ಮೇಲೂ ಅಮ್ಮ ಇರಲಿಲ್ಲ.

ಅವಳ ಪಾಸ್‌ಪೋರ್ಟ್ ನನ್ನ ಬ್ಯಾಗಿನಲ್ಲಿತ್ತು. ಹೋಟೆಲ್ ಹೆಸರು ಅವಳಿಗೆ ಗೊತ್ತಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ, ಫ್ರೆಂಚ್ ಮಾತಂತೂ ಕೇಳಲೇಬೇಡಿ. ಬೀದಿಯ ನಡುವೆ ನಿಂತು "ಅಮ್ಮಾ" ಎಂದು ಕೂಗಿದೆ. ನಾಲ್ಕು ಜನ ತಿರುಗಿ ನೋಡಿದರು.

"ಹಾಳೆ ಬಿಟ್ಹಾಕು," ಎಂದ ಗಂಡ. "ಆ ಬೆಂಚಿನ ಹತ್ರ ಬೇರೆ ಏನಿತ್ತು, ಜ್ಞಾಪಿಸ್ಕೋ."

ಏನಿತ್ತು? ನಾನು ಹಾಳೆ ಬಿಟ್ಟು ತಲೆ ಎತ್ತಿದ್ದರಲ್ಲವೇ! ಕಡೆಗೆ ಅವನಿಗೇ ನೆನಪಾಯಿತು. "ಅತ್ತೆ ಏನೋ ಅಂದ್ರು, ಕಿಟಕಿ ತುಂಬಾ ತಾಮ್ರದ ಪಾತ್ರೆ ಇಟ್ಟಿದಾರೆ, ನಮ್ಮ ಹಂಡೆ ಥರದ್ದೂ ಇದೆ ಅಂತ. ಅದಾದ ಮೇಲೇನೇ ಅಲ್ವಾ ನೀನು ಗದರಿದ್ದು?"

ಅವನು ಹಾಳೆಯ ಹಿಂಬದಿಯಲ್ಲಿ ಒಂದು ಹಂಡೆಯ ಚಿತ್ರ ಬರೆದ. ಕುಂಬಳಕಾಯಿಯಂತೆ ಕಾಣುತ್ತಿತ್ತು. ಅದನ್ನು ಹಿಡಿದು ಅಂಗಡಿ ಅಂಗಡಿಗೆ ಹೋದೆವು. ಒಬ್ಬಾತ ತರಕಾರಿ ಅಂಗಡಿ ತೋರಿಸಿದ. ಹೂವಿನಂಗಡಿಯ ಹೆಂಗಸೊಬ್ಬಳು ಮಾತ್ರ ಚಿತ್ರ ನೋಡಿ, ನನ್ನ ಮುಖ ನೋಡಿ, ಏಪ್ರನ್ ಬಿಚ್ಚಿಟ್ಟು ನಮ್ಮ ಜೊತೆ ಹೊರಟೇಬಿಟ್ಟಳು. ಎರಡು ತಿರುವು ದಾಟಿದರೆ ಪಾತ್ರೆ ಅಂಗಡಿ, ಅದರಾಚೆ ಬೆಂಚು, ಬೆಂಚಿನ ಮೇಲೆ ಅಮ್ಮ.

ಶಾಲು ಹೊದ್ದು ಬೀದಿ ನೋಡುತ್ತಾ ಕೂತಿದ್ದಳು. ಪಕ್ಕದಲ್ಲೊಬ್ಬ ಅಜ್ಜಿ ಬ್ರೆಡ್ ಮುರಿದು ತಿನ್ನುತ್ತಿದ್ದಳು. ಅಮ್ಮನ ಮಡಿಲಲ್ಲೂ ಒಂದು ತುಂಡಿತ್ತು. ನಾವು ಹೋಗಿ ಒಂದು ಗಂಟೆಯ ಮೇಲಾಗಿತ್ತು. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಮಂಡಿ ಹಿಡಿದು ಅತ್ತುಬಿಟ್ಟೆ.

"ತಪ್ಪಾಯ್ತಮ್ಮ. ಇಷ್ಟು ಹೊತ್ತು ಒಬ್ಬಳನ್ನೇ ಬಿಟ್ಟುಬಿಟ್ಟೆ. ಹೆದರ್ಕೊಂಡ್ಯಾ?"

ಅಮ್ಮನಿಗೆ ನನ್ನ ಅಳು ಅರ್ಥವಾಗಲಿಲ್ಲ. "ಅಯ್ಯೋ, ಅಳೋಂಥದ್ದೇನೇ ಇದು? ಅಲ್ಲಿ ನಿಮ್ಮನೇಲಿ ದಿನಾ ಬೆಳಗ್ಗಿಂದ ಸಂಜೆವರೆಗೂ ಹೀಗೇ ತಾನೆ ಕೂತಿರ್ತಿದ್ದೆ? ಇಲ್ಲಾದ್ರೆ ಕಣ್ಣೆದುರಿಗೆ ಜನ ಓಡಾಡ್ತಾರೆ. ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಗಂಡ ಆ ಕಡೆ ಮುಖ ತಿರುಗಿಸಿದ. ಇಲ್ಲಿ ಒಂದು ಗಂಟೆಗೆ ನಾನು ಹುಚ್ಚಿಯ ಹಾಗೆ ಬೀದಿಬೀದಿ ಓಡಿದ್ದೆ. ಅಲ್ಲಿ ಆರು ತಿಂಗಳು, ಸಂಜೆ ಆರೂವರೆಗೆ ಆಫೀಸು ಮುಗಿಸಿ, ಕಾರು ನಿಲ್ಲಿಸಿದ ಗ್ಯಾರೇಜಿನಿಂದ ಮನೆಯೊಳಗೆ ಬಂದವಳು, ಅಡುಗೆ ಏನು ಮಾಡಿದ್ದೀಯಮ್ಮ ಎಂದು ಮಾತ್ರ ಕೇಳುತ್ತಿದ್ದೆ.