ಆಂಟಿ ನೋಡಿದ ವ್ಯಾನಿನ ಬಿಪಿ

"ಎಂಜಿನ್ ಸ್ಟಾರ್ಟ್ ಮಾಡು, ವೋಲ್ಟೇಜ್ ಎಷ್ಟಿದೆ ನೋಡೋಣ" ಎಂಬ ದನಿ ಕೇಳಿ ವ್ಯಾನಿನಿಂದ ತಲೆ ಹೊರಹಾಕಿದೆ. ಪಕ್ಕದ ಮನೆಯ ಆಂಟಿ ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ನಮ್ಮ ಡ್ರೈವ್‌ವೇಯಲ್ಲಿ ನಿಂತಿದ್ದರು. ಅವರು ನಿವೃತ್ತ ಹೃದ್ರೋಗ ತಜ್ಞೆ!

ಅದು ಕೊರೊನಾ ಕಾಲ. ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಗೆ ಯಾರನ್ನೂ ಕರೆಯುವಂತಿರಲಿಲ್ಲವಾದ್ದರಿಂದ ಮಗಳ ಹುಟ್ಟುಹಬ್ಬಕ್ಕೆ ಅಂದು ಸಂಜೆ ಗೆಳೆಯರ ಕಾರುಗಳ ಮೆರವಣಿಗೆ ಇಟ್ಟುಕೊಂಡಿದ್ದೆವು. ಮುಂದೆ ಹೋಗಬೇಕಾದ ನಮ್ಮ ವ್ಯಾನಿನೊಳಗೆ ಅವಳಿಷ್ಟದ ನೀಲಿ ಎಲ್‌ಇಡಿ ದೀಪದ ಪಟ್ಟಿ ಅಂಟಿಸಿದ್ದೆ. ಎಂಜಿನ್ ಓಡಿದೊಡನೆ ಅದು ಸುಟ್ಟಿತು; ಬದಲಿಗೆ ಹಾಕಿದ್ದೂ ಸುಟ್ಟುಹೋಗಿತ್ತು. ಇನ್ನು ಉಳಿದದ್ದು ಒಂದೇ ಪಟ್ಟಿ. ಮಗಳು ಅಳುವುದೊಂದು ಬಾಕಿ. ನಮ್ಮ ಈ ಪರದಾಟವನ್ನು ಆಂಟಿ ತಮ್ಮ ಅಂಗಳದಿಂದಲೇ ನೋಡಿದ್ದರಂತೆ.

ಎಂಜಿನ್ ಸ್ಟಾರ್ಟ್ ಮಾಡಿದೊಡನೆ ಮೀಟರ್ ಹದಿನಾಲ್ಕು ವೋಲ್ಟ್ ದಾಟಿತು. "ನಿನ್ನ ಗಾಡಿಗೆ ಬಿಪಿ ಜಾಸ್ತಿ ಕಣಪ್ಪಾ! ಹನ್ನೆರಡು ವೋಲ್ಟಿನ ಲೈಟು ಹೇಗೆ ತಡ್ಕೊಳುತ್ತೆ?" ಎಂದು ಆಂಟಿ ನಕ್ಕರು. ಎಲೆಕ್ಟ್ರಾನಿಕ್ಸ್ ಅವರ ಹಳೆಯ ಹುಚ್ಚಂತೆ. ತಮ್ಮ ಗ್ಯಾರೇಜಿನಿಂದ ವೋಲ್ಟೇಜನ್ನು ಹನ್ನೆರಡಕ್ಕೇ ಹಿಡಿದಿಡುವ ಪುಟ್ಟದೊಂದು ರೆಗ್ಯುಲೇಟರ್ ತಂದು, ಕೊನೆಯ ಪಟ್ಟಿಗೆ ಜೋಡಿಸಿಕೊಟ್ಟರು. ನಾನು ಸ್ವಿಚ್ ಒತ್ತಿದೆ. ಎಂಜಿನ್ ಎಷ್ಟು ಹೊತ್ತು ಓಡಿದರೂ ದೀಪ ಆರಲಿಲ್ಲ.

"ಆಂಟಿ, ನೀವೂ ಬರ್ಬೇಕು, ಪ್ಲೀಸ್!" ಎಂದು ಮಗಳು ಕುಣಿದಳು. ತಿಂಗಳುಗಟ್ಟಲೆ ಎಲ್ಲಿಗೂ ಹೊರಟಿರದ ಆಂಟಿ ತಮ್ಮ ಹಳೆಯ ಕಾರು ತೆಗೆದು ಮೆರವಣಿಗೆಯ ಕೊನೆಯಲ್ಲಿ ಬಂದರು. ಎಲ್ಲರಿಗಿಂತ ಜೋರಾಗಿ ಹಾರ್ನ್ ಹೊಡೆದವರು ಅವರೇ.

ಅಲ್ಲಿಯವರೆಗೆ ದೂರದಿಂದ ಕೈಬೀಸುವಷ್ಟಕ್ಕೇ ಇದ್ದ ಪರಿಚಯ ಈಗ ಮನೆಯ ನಂಟಾಗಿದೆ. ಶನಿವಾರ ಬಂತೆಂದರೆ ಮಗಳು ಆಂಟಿಯ ಹತ್ತಿರ ಎಲೆಕ್ಟ್ರಾನಿಕ್ಸ್ ಕಲಿಯಲು ಓಡುತ್ತಾಳೆ. ಮೊನ್ನೆ ನಮ್ಮ ಟೋಸ್ಟರ್ ಬಿಚ್ಚಿಟ್ಟಿದ್ದಾಳೆ. ಜೋಡಿಸುವ ಪಾಠ ಮುಂದಿನ ವಾರವಂತೆ.