ಲಾಯದಲ್ಲಿ ತೂಗುಹಾಕಿದ ಸ್ಪೀಕರು

ನನ್ನ ತಮ್ಮನನ್ನು ಹುರುಳಿ ಕಳ್ಳ ಎಂದವನು ನಾನು. ಇಂಡಿ ಊರಲ್ಲಿ ನಾವು ದಿನಾ ಕೂಡುವ ಚಹಾದಂಗಡಿಯಲ್ಲಿ, ನಾಲ್ಕು ಮಂದಿಯ ಎದುರು ಅಂದೆ. ಅವನು ಒಂದು ಹಿಡಿ ಹುರುಳಿಯನ್ನೂ ಕದ್ದಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಬರವಣಿಗೆ ಒಗ್ಗಿದ್ದಲ್ಲ. ಆದರೆ ಬಾಯಿಂದ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮದುವೆ ಮೆರವಣಿಗೆಯ ಬಿಳಿ ಕುದುರೆ. ಅಪ್ಪನ ಕಾಲದಿಂದ ಇದೇ ಬದುಕು. ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಎಲ್ಲಿ ಮದುಮಗ ಕುದುರೆ ಏರಬೇಕೋ ಅಲ್ಲಿಗೆ ಟೆಂಪೋದಲ್ಲಿ ಒಯ್ಯುತ್ತೇವೆ. ಮಾತುಕತೆ ನನ್ನದು. ಮೇವು, ನೀರು, ಮೈ ತೊಳೆಯುವುದು ತಮ್ಮನದು. ಊರ ಹೊರಗಿನ ನಮ್ಮ ಹೊಲದಲ್ಲಿ ತಗಡಿನ ಲಾಯ ಇದೆ. ಅದಕ್ಕೆ ಹತ್ತಿದ ಕೋಣೆಯಲ್ಲೇ ಅವನು ಮಲಗುತ್ತಿದ್ದ.

ಈಗಿನ ಮದುವೆಗಳಲ್ಲಿ ಹಲಗೆ, ಸನಾದಿ ಹೋಗಿ ಡಿ.ಜೆ. ಬಂದಿದೆ. ಮುದ್ದೇಬಿಹಾಳದ ಒಂದು ಮೆರವಣಿಗೆಯಲ್ಲಿ ಅದು ಒಮ್ಮೆಲೇ ಗುಡುಗಿದಾಗ ಕುದುರೆ ಹಿಂಗಾಲ ಮೇಲೆ ಎದ್ದು ನಿಂತಿತು. ಮದುಮಗ ಹೇಗೋ ಹಿಡಿದುಕೊಂಡ, ಬಾಸಿಂಗ ಮಾತ್ರ ಬಿತ್ತು. ಅವನ ಸೋದರಮಾವ ಬಂದು ನನ್ನ ಅಂಗಿ ಹಿಡಿದ.

"ಕುದುರಿ ತಂದೀಯೋ ಹುಲಿ ತಂದೀಯೋ, ಮಗನ?"

ಆ ಅಪಮಾನ ನನ್ನ ತಲೆಯಲ್ಲಿ ಕೂತಿತು. ಎತ್ತಿಗೆ ನೊಗ ರೂಢಿ ಮಾಡುವ ಹಾಗೆ ಕುದುರೆಗೆ ಡಿ.ಜೆ. ರೂಢಿ ಮಾಡಬೇಕು ಅಂದುಕೊಂಡೆ. ಹಳೆಯ ದೊಡ್ಡ ಸ್ಪೀಕರೊಂದನ್ನು ತಂದು ಲಾಯದ ತೊಲೆಗೆ ತೂಗುಹಾಕಿದೆ. ಹಗಲೂ ರಾತ್ರಿ ಹಾಡು. ಬೈಯಲು ಅಲ್ಲಿ ನೆರೆಯವರಿಲ್ಲ. ತಗಡು ಗಡಗಡ ನಡುಗುತ್ತಿತ್ತು.

"ಅಣ್ಣಾ, ರಾತ್ರಿಯರ ಬಂದ್ ಮಾಡೋ. ನನಗ ನಿದ್ದಿ ಇಲ್ಲ, ಕುದುರಿಗರ ಹೆಂಗ ಬಂದೀತು?" ಅಂದ ತಮ್ಮ.

"ನಿದ್ದಿ ಬೇಕಂದ್ರ ಮಾವನ ಮನಿಗಿ ಹೋಗಿ ಮಲಕೋ," ಅಂದೆ ನಾನು.

ಮುಂದಿನ ಮೆರವಣಿಗೆಯಲ್ಲಿ ಕುದುರೆ ಕಲ್ಲಿನಂತೆ ನಿಂತಿತು. "ಭಾಳ ಶಾಂತ ಐತ್ರಿ," ಅಂದರು ಜನ. ನಾನು ಎದೆ ಉಬ್ಬಿಸಿಕೊಂಡು ಲಗಾಮು ಹಿಡಿದು ನಡೆದೆ. ಅದು ಶಾಂತಿಯಲ್ಲ, ಹೆದರಿ ಮರಗಟ್ಟಿದ್ದು. ಕುದುರೆಗಳ ನಡುವೆಯೇ ಬೆಳೆದ ನನಗೆ ಅಷ್ಟೂ ತಿಳಿಯಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗತೊಡಗಿತು. ಮೇವು ಹಾಕುವ ಗೋದಲಿಯ ಕಟ್ಟಿಗೆಯನ್ನು ಕಡಿದು ಕಡಿದು ಇಟ್ಟಿತು. ಹತ್ತಿರ ಹೋದರೆ ಕಿವಿ ಹಿಂದಕ್ಕೆ, ಕಣ್ಣು ಬೆಳ್ಳಗೆ. ಲದ್ದಿ ನೀರಾಯಿತು, ಮೈ ಇಳಿಯಿತು. ದನದ ಡಾಕ್ಟರು ಬಂದು ಹಲ್ಲು ನೋಡಿದರು, ಜಂತುಹುಳುವಿಗೆ ಔಷಧಿ ಕೊಟ್ಟರು. ಗೊರಸಿನ ನಾಲು ಬಿಚ್ಚಿಸಿ ಹೊಸದಾಗಿ ಬಡಿಸಿದೆ. ಮೇವಿನ ಕಣಿಕೆ ಬದಲಿಸಿದೆ. ಅವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಷ್ಟೆಲ್ಲ ಮಾಡುವಾಗ ಸ್ಪೀಕರು ನನ್ನ ತಲೆಯ ಮೇಲೆಯೇ ಒದರುತ್ತಿತ್ತು. ಡಾಕ್ಟರು ಏನೋ ಕೇಳಿದರೆ ಕೇಳಿಸದೆ, ಅವರನ್ನು ಹೊರಗೆ ಕರೆದುಕೊಂಡು ಬಂದು ಮಾತಾಡಿದೆ. ಅದನ್ನು ನೆನೆಸಿದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಒಂದು ದಿನ ಚಹಾದಂಗಡಿಯಲ್ಲಿ ಹಾಲಿನ ವ್ಯಾಪಾರಿಯೊಬ್ಬ ನಕ್ಕ. "ಏನಪಾ, ಇನ್ನ ಮ್ಯಾಲೆ ಮದಿಮಗನೇ ನಿಮ್ಮ ಕುದುರೀನ ಹೊತ್ಕೊಂಡ ಹೋಗಬೇಕೇನು?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹುರುಳಿಯ ಚೀಲ ಬರಿದಾಗುತ್ತಿತ್ತು, ಕುದುರೆಯ ಪಕ್ಕೆಲುಬು ಎದ್ದು ಕಾಣುತ್ತಿತ್ತು. ನಡುವೆ ಇದ್ದವನು ತಮ್ಮ. ಅವನು ಅಲ್ಲೇ ಬೆಂಚಿನ ತುದಿಗೆ ಕೂತಿದ್ದ.

"ನನ್ನ ಯಾಕ ಕೇಳ್ತೀರಿ? ಇವನ್ನ ಕೇಳ್ರಿ. ಕುದುರಿ ಹುರುಳಿ ಯಾರಿಗಿ ಮಾರ್ತಾನ ಕೇಳ್ರಿ."

ತಮ್ಮ ಕಪ್ಪು ಕೆಳಗಿಟ್ಟ. "ಅಣ್ಣಾ, ಚಾಷ್ಟಿ ಮಾಡಾಕತ್ತೀಯೋ, ಖರೇ ಅನ್ನಾಕತ್ತೀಯೋ?"

"ಕಳ್ಳಗ ಕಳ್ಳ ಅನ್ನಾಕ ಪಂಚಾಂಗ ನೋಡಬೇಕೇನು?"

ಅವನು ಎದ್ದು ಹೋದ. ಮರುದಿನ ಚಡಚಣದ ಕಡೆ ಯಾರದೋ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕೆ ನಿಂತನೆಂದು ಅವ್ವನಿಗೆ ತಿಳಿಯಿತು. ಅವ್ವ ನನ್ನ ಸಂಗಡ ಮಾತು ಬಿಟ್ಟಳು.

ಹುರುಳಿ ಬೇಯಿಸಿ ಇಡುವುದು ನನ್ನ ಕೈಗೆ ಬಂತು. ಸೇರಿನಿಂದ ಅಳೆದು, ಎದುರು ನಿಂತು ತಿನ್ನಿಸಿದೆ. ಕುದುರೆ ಅರ್ಧ ತಿಂದು ಬಿಡುತ್ತಿತ್ತು, ಉಳಿದದ್ದು ಹಳಸಿ ಚೆಲ್ಲುತ್ತಿದ್ದೆ. ಚೀಲ ಬರಿದಾಗುವುದು ನಿಲ್ಲಲಿಲ್ಲ, ಕುದುರೆ ಇನ್ನೂ ಇಳಿಯಿತು. ಕಳ್ಳ ಮನೆ ಬಿಟ್ಟು ಹೋದ ಮೇಲೂ ಕಳವು ನಿಲ್ಲದಿದ್ದರೆ ಅವನು ಕಳ್ಳನಲ್ಲ ಅಂತಲೇ ಅರ್ಥ. ಇದು ಸಣ್ಣ ಕೂಸಿಗೂ ತಿಳಿಯುವ ಲೆಕ್ಕ. ನಾನೇನು ಮಾಡಿದೆ? ಹೋಗುವಾಗ ಏನೋ ಮಾಟ ಮಾಡಿಸಿ ಹೋಗಿದ್ದಾನೆ ಎಂದು ಇನ್ನಷ್ಟು ಬೈದೆ. ಸಿಟ್ಟಿನವನಿಗೆ ಲೆಕ್ಕ ಬೇಕಿರುವುದಿಲ್ಲ, ಬೈಯಲು ಒಂದು ಹೆಸರು ಬೇಕಿರುತ್ತದೆ.

ಆಮೇಲೆ ಗಾಳಿ ಮಳೆಗೆ ನಮ್ಮ ಹೊಲದ ಕಡೆಯ ಟ್ರಾನ್ಸ್‌ಫಾರ್ಮರು ಸುಟ್ಟು ಕರೆಂಟು ಹೋಯಿತು. ಅದನ್ನು ಬದಲಿಸಲು ಯಾರೂ ಬೇಗ ಬರಲಿಲ್ಲ. ಸ್ಪೀಕರು ಬಾಯಿ ಮುಚ್ಚಿತು. ಮೂರನೆಯ ಬೆಳಿಗ್ಗೆ ಲಾಯಕ್ಕೆ ಹೋದೆ. ಕುದುರೆಯ ಎಡಮಗ್ಗುಲಿಗೆಲ್ಲ ಲದ್ದಿಯ ಹಳದಿ ಕಲೆ ಮೆತ್ತಿತ್ತು. "ಮೈ ತೊಳಿಯಾಕ ಏನಾಗೇತೋ ನಿನಗ?" ಎಂದು ತಮ್ಮನ ಕೋಣೆಯ ಕಡೆ ಒದರಿದೆ. ಕೋಣೆ ಖಾಲಿ ಇತ್ತು.

ಒದರಿದ ಬಾಯಿ ಹಾಗೇ ನಿಂತಿತು. ಕಲೆ ಆಗಿದೆ ಅಂದರೆ ಕುದುರೆ ಮಲಗಿದೆ. ಇದು ನಿಂತೇ ತೂಕಡಿಸುವ ಪ್ರಾಣಿ, ಆದರೆ ಮೈಚೆಲ್ಲಿ ಮಲಗದಿದ್ದರೆ ಬಾಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಸ್ಪೀಕರು ತೂಗುಹಾಕಿದಂದಿನಿಂದ ಅದರ ಮೈ ಬೆಳ್ಳಗೇ ಇತ್ತು. ಸಾಬೂನು ಉಳಿಯಿತೆಂದು ನಾನು ಖುಷಿಪಟ್ಟಿದ್ದೆ. ಗೋದಲಿ ನೋಡಿದೆ, ಒಂದು ಕಾಳೂ ಉಳಿದಿರಲಿಲ್ಲ. ಕುದುರೆ ತೂಗದೆ ಸುಮ್ಮನೆ ನಿಂತು ನನ್ನನ್ನು ನೋಡುತ್ತಿತ್ತು.

ಸ್ಪೀಕರನ್ನು ಕಿತ್ತು ಕಲ್ಲಿಗೆ ಬಡಿದೆ. ಅದೇನು ಮಾಡೀತು ಪಾಪ.

ಚಡಚಣಕ್ಕೆ ಹೋದಾಗ ತಮ್ಮ ಬಳ್ಳಿ ಕಟ್ಟುತ್ತಿದ್ದ. ಎಲ್ಲ ಹೇಳಿದೆ. "ತಪ್ಪಾತು, ಮನಿಗಿ ನಡಿ," ಅಂದೆ.

ಅವನು ಕೈ ನಿಲ್ಲಿಸಲಿಲ್ಲ. "ಕಳ್ಳ ಅಂದಿದ್ದು ಮಂದಿ ಮುಂದ. ತಪ್ಪಾತು ಅನ್ನೂದು ಬಳ್ಳಿ ಮುಂದ. ಭಾರಿ ಶಾಣ್ಯಾ ಅದೀ ನೋಡಣ್ಣಾ."

ಅಲ್ಲಿಂದ ನೆಟ್ಟಗೆ ಚಹಾದಂಗಡಿಗೆ ಬಂದೆ. ಅದೇ ಮಂದಿ ಇದ್ದರು. ನಿಂತುಕೊಂಡೇ ಹೇಳಿದೆ: ತಮ್ಮ ಕದ್ದಿಲ್ಲ, ಕುದುರೆಯ ನಿದ್ದೆ ಕೆಡಿಸಿ ಸೊರಗಿಸಿದವನು ನಾನು.

ಹಾಲಿನವನು ನನ್ನ ಬೆನ್ನು ತಟ್ಟಿದ. "ಇರಲಿ ಬಿಡೋ. ಒಡಹುಟ್ಟಿದಂವ, ಮುಚ್ಚಿ ಹಾಕಬೇಕಾಗತೈತಿ."

"ಮುಚ್ಚಿ ಹಾಕಾಕತ್ತಿಲ್ಲೋ. ಖರೇನ ಅಂವ ಕದ್ದಿಲ್ಲ."

"ತಿಳೀತಪಾ. ದೊಡ್ಡ ಮನಸಿನಂವ ನೀ," ಎಂದು ಅಂಗಡಿಯವನು ನನ್ನ ಮುಂದೆ ಚಹಾ ಇಟ್ಟ. ಅದಕ್ಕೆ ರೊಕ್ಕವನ್ನೂ ತೆಗೆದುಕೊಳ್ಳಲಿಲ್ಲ.

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಸುಳ್ಳನ್ನು ಕೇಳಿದ ಕೂಡಲೇ ನಂಬಿದವರು ನನ್ನ ನಿಜವನ್ನು ದೊಡ್ಡಸ್ತಿಕೆ ಎಂದು ಹೊಗಳಿದರು. ನನ್ನ ಹೆಸರು ಏರಿತು, ಅವನದು ಬಿದ್ದಲ್ಲೇ ಬಿದ್ದಿತ್ತು. ಫೋನಿನಲ್ಲಿ ಇದನ್ನೆಲ್ಲ ತಮ್ಮನಿಗೆ ಹೇಳಿದೆ.

ಅವನು ಮೊದಲು ಕೇಳಿದ್ದು ಕುದುರೆಯನ್ನು. "ಕುದುರಿ ಮಲಗಾಕತ್ತೇತೇನು?"

"ಮಲಗತೈತಿ. ಮೈ ಹೊಲಸ ಮಾಡ್ಕೊಂತೈತಿ. ದಿನಾ ತೊಳೀತೇನಿ."

"ಹಂಗಾರ ನಾಳೆ ಮತ್ತ ಅಂಗಡಿಗಿ ಹೋಗು. ಕಳ್ಳ ಅಂತ ಒಂದ ಸಲ ಅಂದಿ, ನಂಬಿದ್ರು. ಇದನ್ನ ನಂಬೂತನಕ ಹೇಳು. ಆಮ್ಯಾಲೆ ಬರ್ತೇನಿ."

ದಿನಾ ಹೋಗಿ ಹೇಳುತ್ತಿದ್ದೇನೆ. ಈಗೀಗ ನಾನು ಒಳಗೆ ಬಂದರೆ ಕೆಲವರು ಎದ್ದು ಹೋಗುತ್ತಾರೆ. ಹೋಗುವವರ ಬೆನ್ನಿಗೂ ಹೇಳುತ್ತೇನೆ.